ಇವರಿಗೆ ಸಂಬಳ ಕೊಡೋರು ಯಾರು?

ಫೆಬ್ರವರಿ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ ಸುತ್ತುತ್ತದೆ. "ಕಮ್ಮಿ ದುಡ್ಡಿಗೆ ಟ್ಯಾಕ್ಸ್ ಫೈಲ್ ಮಾಡಿಕೊಡೋರು ಯಾರಾದ್ರೂ ಗೊತ್ತಾ?" ಸ್ಕಾರ್ಬರೋ, ಬ್ರಾಂಪ್ಟನ್, ಮಿಸ್ಸಿಸಾಗಾ ಹೀಗೆ ಟೊರಾಂಟೊ ಸುತ್ತಮುತ್ತ ಹರಡಿಕೊಂಡಿರುವ ಕನ್ನಡದವರ ಗುಂಪು ಅದು. ಪ್ರಶ್ನೆ ಬಿದ್ದ ಐದು ನಿಮಿಷಕ್ಕೆ ಮೂರ್ನಾಲ್ಕು ನಂಬರ್ ಬರುತ್ತವೆ. ಇವರು ಚೆನ್ನಾಗಿ ಮಾಡ್ತಾರೆ, ಅವರು ಬೇಗ ಮಾಡ್ತಾರೆ, ಇನ್ನೊಬ್ಬರು ಗಂಡಹೆಂಡತಿ ಇಬ್ಬರದ್ದೂ ಸೇರಿಸಿ ರೇಟು ಕಮ್ಮಿ ಮಾಡ್ತಾರೆ. ನಾನು ಪ್ರತಿ ವರ್ಷವೂ ಒಂದು ಸಾಲು ಬರೆಯುತ್ತೇನೆ: "ಆದಾಯ ಕಮ್ಮಿ ಇದ್ದರೆ ಇದನ್ನ ಪುಕ್ಕಟೆ ಮಾಡಿಕೊಡ್ತಾರೆ, ನಿಮ್ಮ ಮನೆ ಹತ್ತಿರದ ಲೈಬ್ರರಿಯಲ್ಲೇ ವಿಚಾರಿಸಿ." ಯಾರೂ ಉತ್ತರ ಕೊಡುವುದಿಲ್ಲ. ರಾತ್ರಿ ಹತ್ತರ ಮೇಲೆ ಯಾರೋ ಒಬ್ಬರು ಬೇರೆಯಾಗಿ ಮೆಸೇಜ್ ಹಾಕುತ್ತಾರೆ. "ಅಕ್ಕಾ, ಪುಕ್ಕಟೆ ಅಂದ್ರೆ ಸರಿಯಾಗಿ ಮಾಡ್ತಾರಾ?"

ಈ ಅನುಮಾನ ಸುಮ್ನೆ ಬಂದಿದ್ದಲ್ಲ. ಊರಲ್ಲಿ ನಾವು ಬೆಳೆದದ್ದೇ ಏಜೆಂಟರ ನಡುವೆ. ಆರ್‌ಟಿಓ ಹೊರಗೆ ಏಜೆಂಟು, ಸಬ್‌ರಿಜಿಸ್ಟ್ರಾರ್ ಕಚೇರಿ ಹೊರಗೆ ಏಜೆಂಟು, ಖಾತೆ ಬದಲಾಯಿಸಬೇಕೆಂದರೂ ಮಧ್ಯೆ ಒಬ್ಬ. ಕೈಗೆ ಏನಾದರೂ ಇಟ್ಟರೆ ಕಾಗದ ಮುಂದೆ ಹೋಗುತ್ತದೆ, ಇಲ್ಲವಾದರೆ "ಸರ್ವರ್ ಡೌನ್". ಇಂಥ ಕಡೆಯಿಂದ ಬಂದವರಿಗೆ, ಗುರುತಿಲ್ಲದ ಒಬ್ಬರು ನಮ್ಮ ಕಾಗದಪತ್ರ ನೋಡಿ, ಕೆಲಸ ಮುಗಿಸಿ, ಒಂದು ಪೈಸೆ ತಗೊಳ್ಳದೆ ಕಳಿಸುತ್ತಾರೆ ಅಂದರೆ ನಂಬಿಕೆ ಹೇಗೆ ಬರಬೇಕು?

ವಿಚಿತ್ರ ಏನು ಗೊತ್ತಾ? ಇನ್ನೊಂದು ಥರದ ಪುಕ್ಕಟೆಯನ್ನು ನಾವು ಕಣ್ಣುಮುಚ್ಚಿ ನಂಬುತ್ತೇವೆ.

ಮನೆಗೇ ಬಂದ ಸಲಹೆ

ನಾವು ಕೆನಡಾಕ್ಕೆ ಬಂದ ಮೊದಲ ವರ್ಷ. ದೀಪಾವಳಿ ಕಾರ್ಯಕ್ರಮದಲ್ಲಿ ಪರಿಚಯವಾದ ಒಬ್ಬರು, ನಮ್ಮ ಕಡೆಯವರೇ, ಭಾನುವಾರ ಮನೆಗೆ ಬಂದರು. ಬೇಸ್‌ಮೆಂಟ್ ಮನೆ, ಕೂತುಕೊಳ್ಳಲು ಎರಡು ಕುರ್ಚಿ, ಒಂದು ಹಾಸಿಗೆ. ಅವರು ಸ್ವಲ್ಪವೂ ಮುಜುಗರಪಡದೆ ಹಾಸಿಗೆ ತುದಿಯಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದರು. ಮಗಳಿಗೆ ಚಾಕೊಲೇಟ್ ತಂದಿದ್ದರು. ಮೊದಲ ಅರ್ಧ ಗಂಟೆ ಬರೀ ಊರಿನ ಮಾತು. ಯಾವ ಕಾಲೇಜು, ಯಾವ ಬ್ಯಾಚು, ಬೆಣ್ಣೆ ದೋಸೆಗೆ ಯಾವ ಹೋಟೆಲ್ಲು. ಅಷ್ಟು ದಿನದಿಂದ ಯಾರೂ ನಮ್ಮ ಜೊತೆ ಅಷ್ಟು ಹೊತ್ತು ಕೂತು ಮಾತಾಡಿರಲಿಲ್ಲ. ಆಮೇಲೆ ಕೇಳಿದರು: "ನಿಮಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಮಗೂ ಗತಿ ಏನು ಸಾರ್?"

ನನ್ನ ಗಂಡ ಆಗ ಏಜೆನ್ಸಿ ಮೂಲಕ ಗೋದಾಮಿಗೆ ಹೋಗುತ್ತಿದ್ದರು. ಬೆಳಿಗ್ಗೆ ಫೋನ್ ಬಂದರೆ ಕೆಲಸ, ಬರದಿದ್ದರೆ ಇಲ್ಲ. ಅಂಥ ಮನೆಗೆ ಇವರು ತೋರಿಸಿದ್ದು ಬದುಕಿಡೀ ಪ್ರೀಮಿಯಂ ಕಟ್ಟುವ ವಿಮೆ. ಅದರ ಜೊತೆಗೆ ಮಗಳ ಓದಿಗೆ ತಿಂಗಳು ತಿಂಗಳು ಹಾಕುವ ಆರ್‌ಇಎಸ್‌ಪಿ ಉಳಿತಾಯ. ಬಣ್ಣಬಣ್ಣದ ಗೆರೆಗಳು ಮೇಲಕ್ಕೆ ಏರುತ್ತಾ ಹೋದವು. ಕೊನೆಯಲ್ಲಿ, "ನೀವಿಬ್ಬರೂ ಓದಿದವರು, ನೀವೂ ಲೈಸೆನ್ಸ್ ತಗೊಳ್ಳಿ, ನನ್ನ ಟೀಮಿಗೆ ಸೇರ್ಕೊಳ್ಳಿ" ಅಂದರು. ಗಂಡ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ನಿಮಗೆ ಸಂಬಳ ಕೊಡೋರು ಯಾರು?" ಅವರು ನಕ್ಕು ಹೇಳಿದರು, "ಕಂಪನಿ ಸಾರ್. ನಿಮ್ಮ ಜೇಬಿಂದ ಒಂದು ರೂಪಾಯಿ ಇಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ದಿನದ ಸಲಹೆಗೆ ನಾವು ಏನೂ ಕೊಡಬೇಕಿರಲಿಲ್ಲ. ಪಾಲಿಸಿಗೆ ಸಹಿ ಹಾಕಿದ ಮೇಲೆ ನಮ್ಮ ಪ್ರೀಮಿಯಂನಿಂದಲೇ ಅವರ ಕಮಿಷನ್ ಹೋಗುತ್ತಿತ್ತು, ಅಷ್ಟೇ. ನಾವು ಸಹಿ ಹಾಕಲಿಲ್ಲ. ಜಾಣತನ ಅಂತ ಅಲ್ಲ, ತಿಂಗಳ ಕೊನೆಗೆ ಏನೂ ಉಳಿಯುತ್ತಲೇ ಇರಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮಗಿಂತ ಎರಡು ಮೂರು ವರ್ಷ ಮೊದಲು ಬಂದವರು. ಹಗಲು ಬೇರೆ ಕೆಲಸ, ಶನಿವಾರ ಭಾನುವಾರ ಇದು. ಇಂಥ ಮಾರಾಟದ ಜಾಲಗಳು ಹೊಸದಾಗಿ ಬಂದವರನ್ನೇ ಸೇರಿಸಿಕೊಂಡು, ಅವರ ಪರಿಚಯದವರಿಗೇ ಮಾರಿಸುತ್ತವೆ. ಟೊರಾಂಟೊ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ ವಿಮೆಯನ್ನು ನೋಡಿಕೊಳ್ಳುವ ನಿಯಂತ್ರಣ ಸಂಸ್ಥೆ ಎಫ್‌ಎಸ್‌ಆರ್‌ಎ ಈ ಥರದ ಜಾಲಗಳನ್ನು ಪರಿಶೀಲಿಸಿ, ಅವುಗಳಲ್ಲಿ ಕಂಡ ತಪ್ಪುಗಳನ್ನು ಬಹಿರಂಗವಾಗಿಯೇ ಹೇಳಿದೆ. 2022ರ ಮಾರ್ಚ್‌ನಿಂದ ಇಲ್ಲಿ ಯಾರು ಬೇಕಾದರೂ ತಮ್ಮನ್ನು "ಫೈನಾನ್ಶಿಯಲ್ ಪ್ಲಾನರ್" ಅಥವಾ "ಫೈನಾನ್ಶಿಯಲ್ ಅಡ್ವೈಸರ್" ಅಂತ ಕರೆದುಕೊಳ್ಳುವಂತಿಲ್ಲ, ಅದಕ್ಕೆ ಮಾನ್ಯತೆ ಪಡೆದ ಅರ್ಹತೆ ಬೇಕು. ಆದರೆ ಹಾಸಿಗೆ ತುದಿಯಲ್ಲಿ ಕೂತು ಕನ್ನಡದಲ್ಲಿ ಮಾತಾಡುವವರ ಕಾರ್ಡ್ ಮೇಲೆ ಏನು ಬರೆದಿದೆ ಅಂತ ಯಾರು ನೋಡುತ್ತಾರೆ?

ನನಗೆ ಈಗಲೂ ಕೊರೆಯುವುದು ಅವರು ಹೇಳದೇ ಬಿಟ್ಟ ಸಂಗತಿ. ಮಗಳ ಓದಿಗೆ ಅಂತ ತಿಂಗಳು ತಿಂಗಳು ದುಡ್ಡು ಹಾಕಿ ಅಂದರಲ್ಲ, ನಮ್ಮಂಥ ಆದಾಯದವರ ಮಕ್ಕಳಿಗೆ ಕೆನಡಾ ಲರ್ನಿಂಗ್ ಬಾಂಡ್ ಅಂತ ಒಂದಿದೆ. ತಾಯ್ತಂದೆ ಒಂದು ಡಾಲರ್ ಹಾಕಬೇಕಿಲ್ಲ. ಆರ್‌ಇಎಸ್‌ಪಿ ಖಾತೆ ತೆರೆದು ಅರ್ಜಿ ಹಾಕಿದರೆ ಸಾಕು, ಸರ್ಕಾರ ಮೊದಲು 500 ಡಾಲರ್ ಹಾಕುತ್ತದೆ. ಆಮೇಲೆ ಅರ್ಹತೆ ಇರುವ ಒಂದೊಂದು ವರ್ಷಕ್ಕೂ 100, ಮಗುವಿಗೆ 15 ತುಂಬುವವರೆಗೆ, ಒಟ್ಟು 2,000 ಡಾಲರ್‌ವರೆಗೆ. ಖಾಲಿ ಖಾತೆಯಲ್ಲಿ ಕಮಿಷನ್ ಹುಟ್ಟುವುದಿಲ್ಲ, ಅದಕ್ಕೇ ಆ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಒಂದು ಸ್ಲೈಡೂ ಇರಲಿಲ್ಲ.

ಲೈಬ್ರರಿಯ ಕೋಣೆ

ಇನ್ನೊಂದು ಥರದ ಪುಕ್ಕಟೆ ಸಿಗುವ ಜಾಗ ನೋಡಲು ಅಷ್ಟು ಚೆಂದ ಇರುವುದಿಲ್ಲ. ಲೈಬ್ರರಿಯ ಹಿಂದಿನ ಕೋಣೆ, ಮಡಚುವ ಮೇಜುಗಳು, ಮುಟ್ಟಿದರೆ ಅಲ್ಲಾಡುವ ಪ್ರಿಂಟರ್. ಹೊರಗೆ ಸಾಲಾಗಿ ಕುರ್ಚಿ ಹಾಕಿರುತ್ತಾರೆ. ಕೋಟು, ಟೊಪ್ಪಿ, ಬೂಟಿನಿಂದ ಕರಗಿ ಇಳಿಯುವ ಹಿಮದ ನೀರು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದ ಕಾಗದ. ಇದರ ಹೆಸರು ಕಮ್ಯೂನಿಟಿ ವಾಲಂಟಿಯರ್ ಇನ್‌ಕಮ್ ಟ್ಯಾಕ್ಸ್ ಪ್ರೋಗ್ರಾಂ. ಕೆನಡಾ ಕಂದಾಯ ಇಲಾಖೆ, ಅಂದರೆ ಸಿಆರ್‌ಎ, 1971ರಿಂದ ನಡೆಸಿಕೊಂಡು ಬಂದಿದೆ. ಸ್ವಯಂಸೇವಕರಿಗೆ ತರಬೇತಿ ಮತ್ತು ಸಾಫ್ಟ್‌ವೇರ್ ಇಲಾಖೆಯೇ ಕೊಡುತ್ತದೆ. ಜಾಗ ಕೊಟ್ಟು ಜನರನ್ನು ಕರೆಸುವ ಸಂಸ್ಥೆಗಳಿಗೆ ಸಣ್ಣ ಅನುದಾನ ಉಂಟು. ಮೇಜಿನ ಆಚೆ ಕೂತವರಿಗೆ ಸಂಬಳ ಯಾರೂ ಕೊಡುವುದಿಲ್ಲ.

ನಾನು ಈ ಸೀಸನ್‌ನಲ್ಲಿ ಅಲ್ಲಿ ಹೋಗಿ ಕೂರುತ್ತೇನೆ. ಲೆಕ್ಕ ಮಾಡುವುದಕ್ಕಲ್ಲ, ಬಂದವರ ಕಾಗದ ಜೋಡಿಸಿ ಕೊಡಲು, ಬೇಕಾದಾಗ ಕನ್ನಡದಲ್ಲಿ ಹೇಳಲು. ಕನ್ನಡ ಬೇಕಾಗುವುದು ಅಪರೂಪ. ಸ್ಕಾರ್ಬರೋದಲ್ಲಿ ತಮಿಳು ಗೊತ್ತಿದ್ದರೆ ಕೆಲಸ ಜಾಸ್ತಿ.

ಒಂದು ಶನಿವಾರ ದಾವಣಗೆರೆ ಕಡೆಯ ಗಂಡಹೆಂಡತಿ ಬಂದರು. ನಾಲ್ಕು ವರ್ಷದ ಮಗಳು ಜೊತೆಗೆ. ಪಿಆರ್, ಅಂದರೆ ಕಾಯಂ ನಿವಾಸದ ಪರವಾನಗಿ ಮೇಲೆ ಬಂದವರು, ಗಂಡ ಬೇಕರಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿದ್ದವು. ಹಿಂದಿನ ವರ್ಷದ್ದು ಫೈಲ್ ಮಾಡಿಲ್ಲವಂತೆ. "ಬಂದಿದ್ದೇ ವರ್ಷದ ಕೊನೆಗೆ, ಆದಾಯವೇ ಇರಲಿಲ್ಲ, ಟ್ಯಾಕ್ಸ್ ಬರಲ್ಲ, ಯಾಕೆ ಮಾಡಬೇಕು ಅಂತ ಬಿಟ್ವಿ." ಊರಿನ ಲೆಕ್ಕದಲ್ಲಿ ಇದು ಸರಿಯಾದ ಮಾತೇ. ಅಲ್ಲಿ ಮಿತಿಗಿಂತ ಕಮ್ಮಿ ದುಡಿಯುವವರು ಐಟಿ ರಿಟರ್ನ್ ಗೊಡವೆಗೇ ಹೋಗುವುದಿಲ್ಲ. ಇಲ್ಲಿ ಉಲ್ಟಾ. ಆದಾಯ ಕಮ್ಮಿ ಇದ್ದಷ್ಟೂ ರಿಟರ್ನ್ ಹಾಕಲೇಬೇಕು, ಯಾಕೆಂದರೆ ಸರ್ಕಾರ ಯಾರಿಗೆ ಎಷ್ಟು ಕೊಡಬೇಕು ಅಂತ ನೋಡುವುದು ಅದೇ ಕಾಗದದಿಂದ.

ಮೇಜಿನ ಆಚೆ ಇದ್ದವರು ನಿವೃತ್ತ ಮೇಷ್ಟ್ರು, ಜಾಫ್ನಾ ಕಡೆಯ ತಮಿಳರು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಡನನ್ನು ಬಿಟ್ಟು ಹೆಂಡತಿಯನ್ನು ಕೇಳಿದರು, "ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಿದ್ದೀರಾ?" ಆಕೆ ಗಂಡನ ಮುಖ ನೋಡಿದಳು. ಗಂಡ ನನ್ನ ಮುಖ ನೋಡಿದ. ಹಾಕಿರಲಿಲ್ಲ. ಮಕ್ಕಳಿರುವ ಮನೆಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಆ ಹಣ ಕೆಲಸ ಇಲ್ಲದವರಿಗೆ ಮಾತ್ರ ಅಂತ ಅವರಿಗೆ ಯಾರೋ ಹೇಳಿದ್ದರು.

ಮೇಷ್ಟ್ರು ಒಂದು ಹಾಳೆ ತಗೊಂಡು ಪೆನ್ಸಿಲ್‌ನಲ್ಲಿ ಲೆಕ್ಕ ಬರೆದರು. ಆ ಲೆಕ್ಕವನ್ನು 2025–26ರ ಅಂಕಿ ಹಾಕಿ ನಾನಿಲ್ಲಿ ಬರೆಯುತ್ತೇನೆ, ಇದು ತುಂಬಾ ಜನರಿಗೆ ಬೇಕಾದ ಲೆಕ್ಕ. ಒಂಟಾರಿಯೋದಲ್ಲಿ 2025ರ ಅಕ್ಟೋಬರ್‌ನಿಂದ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. ವಾರಕ್ಕೆ 40 ಗಂಟೆ, ವರ್ಷಪೂರ್ತಿ ಒಂದು ದಿನ ತಪ್ಪದೆ ದುಡಿದರೆ 36,608. 2025ರ ಜುಲೈನಿಂದ 2026ರ ಜೂನ್‌ವರೆಗಿನ ಲೆಕ್ಕದಲ್ಲಿ, ಕುಟುಂಬದ ನಿವ್ವಳ ಆದಾಯ 37,487ಕ್ಕಿಂತ ಕಮ್ಮಿ ಇದ್ದರೆ ಕೆನಡಾ ಚೈಲ್ಡ್ ಬೆನಿಫಿಟ್ ಪೂರ್ತಿ ಬರುತ್ತದೆ. ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 7,997, ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 666 ಡಾಲರ್. ಆರರಿಂದ ಹದಿನೇಳರ ಮಕ್ಕಳಿಗೆ ವರ್ಷಕ್ಕೆ 6,748. ಒಬ್ಬರೇ ಕನಿಷ್ಠ ಕೂಲಿಗೆ ದುಡಿಯುವ ಮನೆಯಾದರೆ ಕಡಿತವೇ ಇಲ್ಲ ಅಂತಾಯಿತು. ಗಂಡಹೆಂಡತಿ ಇಬ್ಬರೂ ರಿಟರ್ನ್ ಹಾಕಿರಬೇಕು, ಹೆಂಡತಿಗೆ ಆದಾಯ ಸೊನ್ನೆ ಇದ್ದರೂ ಸರಿ. ಹೊಸದಾಗಿ ಬಂದವರು ಅರ್ಜಿಯ ಜೊತೆಗೆ, ಬರುವ ಮೊದಲು ಭಾರತದಲ್ಲಿ ಎಷ್ಟು ದುಡಿದಿದ್ದಿರಿ ಅನ್ನುವುದನ್ನೂ ಕೆನಡಾ ಡಾಲರ್‌ನಲ್ಲಿ ತೋರಿಸಬೇಕು. ಹಿಂದಿನ ತಿಂಗಳುಗಳದ್ದೂ ಸಿಗುತ್ತದೆ, ಆದರೆ 11 ತಿಂಗಳಿಗಿಂತ ಹಿಂದಕ್ಕೆ ಹೋದರೆ ಕೇಳುವ ದಾಖಲೆಗಳು ಜಾಸ್ತಿ.

ಆಕೆ ತಲೆ ತಗ್ಗಿಸಿ ಕೇಳಿದಳು, "ಇದು ಸಾಲನಾ? ಆಮೇಲೆ ವಾಪಸ್ ಕಟ್ಟಬೇಕಾ?" ಮೇಷ್ಟ್ರಿಗೆ ಕನ್ನಡ ಬರದಿದ್ದರೂ ಪ್ರಶ್ನೆ ಅರ್ಥವಾಯಿತು ಅನಿಸುತ್ತದೆ. ಎಷ್ಟು ಜನ ಎಷ್ಟು ಭಾಷೆಯಲ್ಲಿ ಅವರಿಗೆ ಇದನ್ನು ಕೇಳಿದ್ದಾರೋ. "ಸಾಲ ಅಲ್ಲಮ್ಮಾ" ಅಂತ ತಮಿಳು ಧಾಟಿಯಲ್ಲೇ ಹೇಳಿದರು.

ಬಾಡಿಗೆ ವಿಷಯಕ್ಕೆ ಬಂದಾಗ ಗಂಡ ಸ್ವಲ್ಪ ತಡವರಿಸಿದ. ಕಮ್ಮಿ ಆದಾಯದವರಿಗೆ ಪ್ರಾಂತ್ಯದ ಕಡೆಯಿಂದ ಬರುವ ಒಂಟಾರಿಯೋ ಟ್ರಿಲಿಯಂ ಬೆನಿಫಿಟ್ ಅಂತ ಇನ್ನೊಂದಿದೆ, ಅದಕ್ಕೆ ವರ್ಷದಲ್ಲಿ ಎಷ್ಟು ಬಾಡಿಗೆ ಕೊಟ್ಟಿರಿ, ಯಾರಿಗೆ ಕೊಟ್ಟಿರಿ ಅಂತ ಬರೆಯಬೇಕು. ಮನೆ ಮಾಲೀಕರು ಕ್ಯಾಶ್ ತಗೋತಾರೆ, ರಸೀದಿ ಕೊಡಲ್ಲ. ಕೇಳಿದರೆ ಬೇಜಾರು ಮಾಡಿಕೊಂಡು ಮನೆ ಬಿಡಿ ಅಂದರೆ? ಈ ಭಯ ಬೇಸ್‌ಮೆಂಟಿನಲ್ಲಿ ಇದ್ದವರಿಗೆಲ್ಲ ಗೊತ್ತು. ಒಂಟಾರಿಯೋದ ಬಾಡಿಗೆ ಕಾನೂನಿನ 109ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಕೇಳಿದರೆ ಮಾಲೀಕ ಪುಕ್ಕಟೆಯಾಗಿ ರಸೀದಿ ಕೊಡಲೇಬೇಕು. ಕಾನೂನು ಹಾಗಿದೆ. ಆದರೆ ಮೇಲಿನ ಮನೆಯಲ್ಲೇ ಇರುವ ಮಾಲೀಕರಿಗೆ ಸೆಕ್ಷನ್ ನಂಬರ್ ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮೇಷ್ಟ್ರು ಆ ಸಾಲನ್ನು ತುಂಬದೆ ಬಿಟ್ಟು, "ಮಾತಾಡಿ ನೋಡಿ, ಸಿಕ್ಕರೆ ಬನ್ನಿ, ತಿದ್ದಿ ಕಳಿಸೋಣ" ಅಂದರು. ಅವರು ಮತ್ತೆ ಬಂದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಇದೇ ಕೆಲಸಕ್ಕೆ ದುಡ್ಡು ತಗೊಳ್ಳುವ ಅಂಗಡಿಗಳೂ ಇವೆ. "ಇವತ್ತೇ ರೀಫಂಡ್ ಕೈಗೆ" ಅಂತ ಬೋರ್ಡು. ಅವರು ನಿಮ್ಮ ರೀಫಂಡನ್ನು ತಾವು ಮುಂಗಡ ಕೊಟ್ಟು, ಅದರಲ್ಲಿ ಪಾಲು ಹಿಡಿಯುತ್ತಾರೆ. ಕಾನೂನು ಇದಕ್ಕೂ ಮಿತಿ ಹಾಕಿದೆ: ಮೊದಲ 300 ಡಾಲರ್‌ಗೆ 15 ಪರ್ಸೆಂಟ್, ಉಳಿದದ್ದಕ್ಕೆ 5 ಪರ್ಸೆಂಟ್. ಅಂದರೆ ಸಾವಿರ ಡಾಲರ್ ಬರಬೇಕಾದವರು 80 ಡಾಲರ್ ಬಿಟ್ಟುಕೊಡಬಹುದು, ಬರೀ ಎರಡು ವಾರ ಕಾಯಲಾಗದೆ.

ಬೋರ್ಡು ಇಲ್ಲದ ಬಾಗಿಲುಗಳು

ಟ್ಯಾಕ್ಸ್ ಒಂದು ಬಾಗಿಲು. ತಿಂಗಳ ಖರ್ಚು ಹೇಗೆ ಹೊಂದಿಸುವುದು, ಕ್ರೆಡಿಟ್ ಕಾರ್ಡ್ ಸಾಲ ಮೀರಿದರೆ ಏನು ಮಾಡುವುದು, ಸಿಆರ್‌ಎ ಕಳಿಸಿದ ಕಾಗದ ಅರ್ಥವಾಗದಿದ್ದರೆ ಯಾರನ್ನು ಕೇಳುವುದು, ಇವಕ್ಕೂ ಪುಕ್ಕಟೆ ಕೂತು ಹೇಳಿಕೊಡುವವರು ಇದ್ದಾರೆ. ಟೊರಾಂಟೊದಲ್ಲಿ ವೆಸ್ಟ್ ನೇಬರ್‌ಹುಡ್ ಹೌಸ್ ಇದೆ. 1912ರಲ್ಲಿ ಸೇಂಟ್ ಕ್ರಿಸ್ಟೋಫರ್ ಹೌಸ್ ಅನ್ನುವ ಹೆಸರಿನಲ್ಲಿ ಶುರುವಾದ ಸಂಸ್ಥೆ. ಪೂರ್ವ ಭಾಗದಲ್ಲಿ ವುಡ್‌ಗ್ರೀನ್ ಇದೆ, 1937ರದ್ದು. ಎರಡೂ ಕಡೆ ಹಣಕಾಸಿನ ತೊಡಕು ಬಿಡಿಸಲೆಂದೇ ಒಬ್ಬರ ಜೊತೆ ಒಬ್ಬರು ಕೂರುತ್ತಾರೆ. ಕ್ಯಾಲ್ಗರಿಯಲ್ಲಿ ಮೊಮೆಂಟಮ್, ವಿನಿಪೆಗ್‌ನಲ್ಲಿ ಸೀಡ್. ಈ ಹೆಸರುಗಳಲ್ಲಿ ಎಲ್ಲಾದರೂ "ದುಡ್ಡು" ಕಾಣುತ್ತಾ? ಹೊಸಬರು ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದು ಸಾಲ ಕೊಡುವವರ ಜಾಹೀರಾತು. ಜಾಹೀರಾತಿಗೆ ಹಾಕಲು ಇವರ ಹತ್ತಿರ ದುಡ್ಡೇ ಇರುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಮೊದಲು 211ಕ್ಕೆ ಫೋನ್ ಮಾಡಿ ಅಂತ. ಮೂರೇ ಅಂಕಿ. ಕೆನಡಾದಲ್ಲಿ ಇದು ಮೊದಲು ಶುರುವಾದದ್ದು ಟೊರಾಂಟೊದಲ್ಲೇ, 2002ರಲ್ಲಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, 150ಕ್ಕೂ ಹೆಚ್ಚು ಭಾಷೆಗಳಿಗೆ ದುಭಾಷಿಗಳನ್ನು ಜೋಡಿಸುತ್ತಾರೆ. ಪಿನ್‌ಕೋಡ್ ಥರದ ಪೋಸ್ಟಲ್ ಕೋಡ್ ಹೇಳಿ, "ನನಗೆ ಹಣಕಾಸಿನ ವಿಷಯದಲ್ಲಿ ಪುಕ್ಕಟೆ ಸಹಾಯ ಬೇಕು, ನನ್ನ ಆದಾಯ ಇಷ್ಟು" ಅಂದರೆ, ಹತ್ತಿರದ ಸಂಸ್ಥೆಗಳ ಹೆಸರು ಕೊಡುತ್ತಾರೆ.

ಇವರಿಗೆಲ್ಲ ಸಂಬಳ ಎಲ್ಲಿಂದ ಬರುತ್ತದೆ? ಹೆಚ್ಚಿನದು ಸರ್ಕಾರದ್ದು, ಸ್ವಲ್ಪ ದಾನದ್ದು. ಬ್ಯಾಂಕುಗಳು ಕೊಟ್ಟ ದಾನವೂ ಅದರಲ್ಲಿ ಸೇರಿರುತ್ತದೆ. ಬ್ಯಾಂಕಿನ ಹಣ ಅಂದಕೂಡಲೇ ಓಡಬೇಕಿಲ್ಲ, ಎದುರಿಗೆ ಕೂತವರಿಗೆ ನೀವು ಸಹಿ ಹಾಕಿದರೂ ಹಾಕದಿದ್ದರೂ ಅಷ್ಟೇ ಸಂಬಳ. ನಾನು ನೋಡುವುದು ಅದನ್ನೇ. ಆದರೆ ಸಾಲದ ಸಲಹೆಯಲ್ಲಿ ಇನ್ನೂ ಸ್ವಲ್ಪ ಎಚ್ಚರ ಬೇಕು. ಲಾಭಕ್ಕಲ್ಲದ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳಲ್ಲಿ ಮೊದಲ ಮಾತುಕತೆ ಪುಕ್ಕಟೆ, ಬಜೆಟ್ ಹಾಕುವುದನ್ನೂ ಚೆನ್ನಾಗಿ ಹೇಳಿಕೊಡುತ್ತಾರೆ. ಆದರೆ ಸಾಲ ಒಟ್ಟುಗೂಡಿಸಿ ತೀರಿಸುವ ಯೋಜನೆಗೆ ಸೇರಿದರೆ ಶುಲ್ಕ ಇರುತ್ತದೆ, ಮತ್ತು ಅವರ ಆದಾಯದ ಒಂದು ಭಾಗ ಸಾಲ ಕೊಟ್ಟ ಬ್ಯಾಂಕುಗಳಿಂದಲೇ ಬರುತ್ತದೆ. ಅದು ಗುಟ್ಟೇನಲ್ಲ, ಕೇಳಿದರೆ ಹೇಳುತ್ತಾರೆ. ಸಾಲ ಕೈ ಮೀರಿ ಹೋಗಿದ್ದರೆ ದಿವಾಳಿ ಪ್ರಕ್ರಿಯೆ ನೋಡಿಕೊಳ್ಳುವ, ಕೇಂದ್ರ ಸರ್ಕಾರದ ಪರವಾನಗಿ ಇರುವ ಇನ್‌ಸಾಲ್ವೆನ್ಸಿ ಟ್ರಸ್ಟಿ ಹತ್ತಿರ ನೇರವಾಗಿ ಹೋಗಬಹುದು. ಅವರ ಮೊದಲ ಭೇಟಿಗೂ ಸಾಮಾನ್ಯವಾಗಿ ದುಡ್ಡಿಲ್ಲ. ಮಧ್ಯದಲ್ಲಿ "ನಿಮ್ಮನ್ನು ಟ್ರಸ್ಟಿ ಹತ್ತಿರ ಕಳಿಸ್ತೀವಿ" ಅಂತ ನೂರಾರು ಡಾಲರ್ ಕೀಳುವ ಸಾಲದ ಸಲಹೆಗಾರರು ಇದ್ದಾರೆ. ನೋಡಿ, ಏಜೆಂಟರು ಇಲ್ಲಿಯೂ ಇದ್ದಾರೆ!

ಬ್ಯಾಂಕ್ ಖಾತೆ ಬಗ್ಗೆ ಒಂದು ಮಾತು. ಹೊಸಬರಿಗೆ ಮೊದಲ ವರ್ಷ ಪುಕ್ಕಟೆ ಅಂತ ಕೊಡುವ ಖಾತೆ, ವರ್ಷ ಮುಗಿದ ಮೇಲೆ ಸದ್ದಿಲ್ಲದೆ ತಿಂಗಳ ಶುಲ್ಕ ಕಡಿಯಲು ಶುರು ಮಾಡುತ್ತದೆ. ದೊಡ್ಡ ಬ್ಯಾಂಕುಗಳೆಲ್ಲ ತಿಂಗಳಿಗೆ 4 ಡಾಲರ್ ಮೀರದ ಅಗ್ಗದ ಖಾತೆ ಕೊಡುವುದಾಗಿ ಸರ್ಕಾರದ ಜೊತೆ ಒಪ್ಪಿಕೊಂಡಿವೆ. ಆದರೆ ಕೌಂಟರಿನಲ್ಲಿ ನೀವಾಗಿ ಕೇಳಬೇಕು. ಕೆಲಸ ಇಲ್ಲ, ಹಾಕಲು ದುಡ್ಡಿಲ್ಲ ಅನ್ನುವ ಕಾರಣಕ್ಕೆ ಖಾತೆ ತೆರೆಯುವುದಿಲ್ಲ ಅನ್ನುವ ಹಾಗಿಲ್ಲ, ಅದೂ ಕಾನೂನು.

ಮರ್ಯಾದೆ ಪ್ರಶ್ನೆ

ಇಷ್ಟೆಲ್ಲ ಇದ್ದೂ ನಮ್ಮವರು ಯಾಕೆ ಹೋಗುವುದಿಲ್ಲ? ಗೊತ್ತಿಲ್ಲದೆ ಇರುವುದು ಅರ್ಧ ಕಾರಣ. ಇನ್ನರ್ಧ ಹೇಳಿಕೊಳ್ಳುವಂಥದ್ದಲ್ಲ.

ಇಲ್ಲಿಗೆ ಬರುವ ಕನ್ನಡದವರಲ್ಲಿ ಬಹಳ ಜನ ಊರಿನಲ್ಲಿ ಬಡವರಾಗಿರಲಿಲ್ಲ. ಸ್ವಂತ ಮನೆ, ಇಂಜಿನಿಯರಿಂಗ್ ಡಿಗ್ರಿ, ಬೆಂಗಳೂರಿನಲ್ಲಿ ಕೆಲಸ, ಮನೆಗೆಲಸಕ್ಕೆ ಬರುವವರು. ಸರ್ಕಾರದ ಸಹಾಯ ಅಂದರೆ ಬಿಪಿಎಲ್ ಕಾರ್ಡ್, ಅದು ಬೇರೆಯವರಿಗೆ. ರೇಷನ್ ಅಂಗಡಿ ಮುಂದಿನ ಸಾಲನ್ನು ಸ್ಕೂಟರ್ ಮೇಲೆ ದಾಟಿ ಹೋದವರು ನಾವು. ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆ ಮನೆಯ ಗುಂಪುಗಳಲ್ಲಿ ಏನೇನು ಬರೆಯುತ್ತಾರೆ ಅಂತ ನಿಮಗೂ ಗೊತ್ತಿದೆ. "ಬಿಟ್ಟಿ ಭಾಗ್ಯ" ಅಂತ ಅಲ್ಲಿ ಹಂಗಿಸುವ ಅಣ್ಣನೇ ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಬಂದು ಚೈಲ್ಡ್ ಬೆನಿಫಿಟ್ ಬಂತಾ ಅಂತ ಖಾತೆ ನೋಡುತ್ತಾನೆ. ಅದನ್ನು ಊರಿಗೆ ಹೇಳುವುದಿಲ್ಲ. ನಾನೇನು ಹಂಗಿಸುತ್ತಿಲ್ಲ, ನಮ್ಮ ಮನೆಗೂ ಆ ದುಡ್ಡು ಬಂದಿದೆ. ಆ ಹೊತ್ತಿಗೆ ಅದು ಬಾಡಿಗೆಯ ಮೂರನೇ ಒಂದು ಭಾಗವಾಗಿತ್ತು. ಬಂದ ಮೇಲೆ ಗೃಹಲಕ್ಷ್ಮಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ ಅಷ್ಟೇ. ಅತ್ತೆಯ ಜೊತೆ ಈ ವಿಷಯಕ್ಕೆ ಫೋನಿನಲ್ಲಿ ಒಮ್ಮೆ ಜಗಳವೂ ಆಯಿತು, ಅದು ಇಲ್ಲಿ ಬೇಡ.

ಲೈಬ್ರರಿಯ ಕೋಣೆಗೆ ನಮ್ಮವರು ಬಂದರೂ ಮೊದಲು ಸುತ್ತ ನೋಡುತ್ತಾರೆ, ಪರಿಚಯದವರು ಯಾರಾದರೂ ಇದ್ದಾರಾ ಅಂತ. ನನ್ನನ್ನು ಕಂಡರೆ ಅರ್ಧ ಸಮಾಧಾನ, ಅರ್ಧ ಸಂಕಟ. ಒಬ್ಬರು ನನ್ನನ್ನು ನೋಡಿ "ಓ, ಪುಸ್ತಕ ವಾಪಸ್ ಮಾಡೋಕ್ ಬಂದೆ" ಅಂದು ಹೊರಟೇಹೋದರು. ಅವರ ಕೈಯಲ್ಲಿ ಟಿ4 ಚೀಟಿಗಳಿದ್ದವು, ವರ್ಷದ ಸಂಬಳದ ಲೆಕ್ಕ ಇರುವ ಕಾಗದ. ಆಮೇಲಿಂದ ನನಗೆ ಅನಿಸಿದ್ದು, ಕನ್ನಡ ಬಲ್ಲವರು ಒಬ್ಬರು ಇದ್ದರೆ ಸಹಾಯ ಆಗುತ್ತದೆ ಅನ್ನುವುದು ಯಾವಾಗಲೂ ನಿಜವಲ್ಲ. ಕೆಲವರಿಗೆ ಅಪರಿಚಿತ ಮೇಷ್ಟ್ರೇ ವಾಸಿ. ಮನೆಗೆ ಬಂದ ವಿಮೆಯವರ ಮುಂದೆ ಈ ಸಂಕಟ ಯಾರಿಗೂ ಆಗುವುದಿಲ್ಲ. ಅವರು ನಿಮ್ಮನ್ನು ಇನ್ವೆಸ್ಟರ್ ಅಂತ ಕರೆಯುತ್ತಾರೆ. ಅರ್ಜಿ ತುಂಬುವವರು ಆದಾಯ ಎಷ್ಟು ಅಂತ ಕೇಳುತ್ತಾರೆ. ಒಂದಕ್ಕೆ ಕಾಫಿ ಕೊಟ್ಟು ಕೂರಿಸುತ್ತೇವೆ, ಇನ್ನೊಂದಕ್ಕೆ ಸಾಲಿನಲ್ಲಿ ನಿಲ್ಲಬೇಕು.

ಹೊರಗೆ ಉಳಿದವರು

ಇದೆಲ್ಲ ಎಲ್ಲರಿಗೂ ತೆರೆದಿದೆ ಅಂತ ಹೇಳಿದರೆ ತಪ್ಪಾಗುತ್ತದೆ. ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ವಲಸಿಗರ ನೆರವು ಕೇಂದ್ರಗಳು ಮುಖ್ಯವಾಗಿ ಪಿಆರ್ ಇದ್ದವರಿಗೆ, ನಿರಾಶ್ರಿತರೆಂದು ಒಪ್ಪಿಗೆ ಪಡೆದವರಿಗೆ. ಓದಲು ಬಂದ ಹುಡುಗರು ಬಾಗಿಲಿಗೆ ಹೋದರೆ ವಾಪಸ್ ಕಳಿಸಬಹುದು. ತಾತ್ಕಾಲಿಕ ಪರ್ಮಿಟ್‌ನಲ್ಲಿ ಇರುವವರಿಗೆ ಚೈಲ್ಡ್ ಬೆನಿಫಿಟ್ ಸಿಗಬೇಕಾದರೆ ಇಲ್ಲಿ 18 ತಿಂಗಳು ಇದ್ದು, 19ನೇ ತಿಂಗಳಿನಲ್ಲೂ ಪರ್ಮಿಟ್ ಚಾಲ್ತಿಯಲ್ಲಿರಬೇಕು.

ಈಗ ಕಷ್ಟದಲ್ಲಿ ಇರುವವರು ಹೆಚ್ಚಾಗಿ ಆ ಹುಡುಗರೇ. 2023ರವರೆಗೆ ಫೀಸು, ಪ್ರಯಾಣದ ಖರ್ಚು ಬಿಟ್ಟು ಬ್ಯಾಂಕಿನಲ್ಲಿ 10,000 ಡಾಲರ್ ತೋರಿಸಿದರೆ ವಿದ್ಯಾರ್ಥಿ ವೀಸಾಕ್ಕೆ ಸಾಕಿತ್ತು. 2024ರ ಜನವರಿಯಿಂದ ಅದು 20,635, 2025ರ ಸೆಪ್ಟೆಂಬರ್‌ನಿಂದ 22,895. ಆ ದುಡ್ಡು ಬರುವುದು ಊರಿನ ಮನೆ ಅಡವಿಟ್ಟ ಎಜುಕೇಶನ್ ಲೋನಿನಿಂದ. ಓದುವ ಸಮಯದಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. ಕೋಲಾರದ ಕಡೆಯ ಒಬ್ಬ ಹುಡುಗ ನನಗೆ ಫೋನ್ ಮಾಡಿದ್ದ. ಎರಡು ಕ್ರೆಡಿಟ್ ಕಾರ್ಡೂ ತುಂಬಿವೆ. ಅಪ್ಪನಿಗೆ ಬಡ್ಡಿ ಕಟ್ಟಲು ದುಡ್ಡು ಕಳಿಸಬೇಕು, ಕೆಲಸ ಹೋಗಿದೆ ಅಂತ ಮನೆಗೆ ಹೇಳಿಲ್ಲ. ಮುಂದಿನ ಸಂಬಳದವರೆಗೆ ಕೈಸಾಲ ಕೊಡುವ ಪೇಡೇ ಲೋನ್ ಅಂಗಡಿಯ ಹೊರಗೆ ನಿಂತು ಮಾತಾಡುತ್ತಿದ್ದ. "ಆಂಟಿ, 300 ತಗೊಂಡ್ರೆ 42 ಮಾತ್ರ ಜಾಸ್ತಿ ಕಟ್ಟೋದು ಅಂತೆ." ಸರಿಯಾಗೇ ಹೇಳಿದ್ದ. 2025ರ ಜನವರಿಯಿಂದ ನೂರಕ್ಕೆ 14 ಡಾಲರ್ ಮಿತಿ. ಆದರೆ ಅದು ಎರಡು ವಾರಕ್ಕೆ. ವರ್ಷದ ಬಡ್ಡಿ ಲೆಕ್ಕ ಹಾಕಿದರೆ 360 ಪರ್ಸೆಂಟ್ ದಾಟುತ್ತದೆ. ಸಾಮಾನ್ಯ ಸಾಲಗಳಿಗೆ 35 ಪರ್ಸೆಂಟ್ ಮೀರಿದರೆ ಈ ದೇಶದಲ್ಲಿ ಅಪರಾಧ. ಈ ಅಂಗಡಿಗಳಿಗೆ ವಿನಾಯಿತಿ. ಊರಿನ ಮೀಟರ್ ಬಡ್ಡಿಯವರು ಇದನ್ನು ಕೇಳಿದರೆ ಬೋರ್ಡು ಹಾಕಿಕೊಂಡು ಕೂರುತ್ತಿದ್ದರು.

ಅವನಿಗೆ ನಾನು ಹೇಳಿದ್ದು ಎರಡೇ ವಿಷಯ. ಕ್ರೆಡಿಟ್ ಕೌನ್ಸೆಲಿಂಗ್‌ಗೆ ಫೋನ್ ಮಾಡು, ಅವರು ವೀಸಾ ಯಾವುದು ಅಂತ ನೋಡಿ ಕಳಿಸುವವರಲ್ಲ. ಆಮೇಲೆ, ನಿನ್ನ ಟ್ಯಾಕ್ಸ್ ರಿಟರ್ನ್ ಹಾಕಿದ್ದೀಯಾ? ಹಾಕಿರಲಿಲ್ಲ. 19 ತುಂಬಿದ, ತೆರಿಗೆ ಲೆಕ್ಕದಲ್ಲಿ ಇಲ್ಲಿಯ ನಿವಾಸಿ ಆದ ವಿದ್ಯಾರ್ಥಿಗೂ ಜಿಎಸ್‌ಟಿ ಕ್ರೆಡಿಟ್, ಅಂದರೆ ಕಮ್ಮಿ ಆದಾಯದವರಿಗೆ ಸರ್ಕಾರ ಕೊಡುವ ಹಣ, ಬರುತ್ತದೆ. 2025–26ರಲ್ಲಿ ಒಂಟಿ ಇದ್ದವರಿಗೆ ವರ್ಷಕ್ಕೆ ಹೆಚ್ಚೆಂದರೆ 533 ಡಾಲರ್, ನಾಲ್ಕು ಕಂತಿನಲ್ಲಿ. ಅವನ ಸಾಲದ ಮುಂದೆ ಅದು ಏನೂ ಅಲ್ಲ, ನನಗೂ ಗೊತ್ತು. ಆ ದಿನ ಅವನು ಅಂಗಡಿ ಒಳಗೆ ಹೋಗಲಿಲ್ಲ ಅಂತ ಆಮೇಲೆ ಹೇಳಿದ. ಮುಂದಿನ ತಿಂಗಳು ಹೋದನೇನೋ, ನಾನು ಕೇಳಲಿಲ್ಲ.

ಇನ್ನೊಂದು ಗುಂಪು ಊಬರ್ ಓಡಿಸುವವರು, ಊಟ ತಲುಪಿಸುವವರು. ಹೊಸಬರ ಮೊದಲ ಕೆಲಸ ಈಗ ಹೆಚ್ಚಾಗಿ ಅದೇ. ಆದರೆ ಅದು ಸ್ವಂತ ದುಡಿಮೆ ಅಂತ ಲೆಕ್ಕ, ಲೈಬ್ರರಿಯ ಸ್ವಯಂಸೇವಕರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಸರಳ ಲೆಕ್ಕಗಳಿಗಷ್ಟೇ ಅವರ ತರಬೇತಿ. ಜನರನ್ನು ಕೂರಿಸಿಕೊಂಡು ಕಾರು ಓಡಿಸುವವರು ಮೊದಲ ಡಾಲರ್‌ನಿಂದಲೇ ಜಿಎಸ್‌ಟಿಗೆ ನೋಂದಾಯಿಸಿಕೊಳ್ಳಬೇಕು, ಊಟ ತಲುಪಿಸುವವರಿಗೆ 30,000 ಡಾಲರ್ ದಾಟುವವರೆಗೆ ಬೇಡ. ಈ ವ್ಯತ್ಯಾಸ ಎಷ್ಟು ಜನರಿಗೆ ಗೊತ್ತು? ಸಿಆರ್‌ಎಯಲ್ಲೇ ಲಿಯೇಸಾನ್ ಆಫೀಸರ್ ಅಂತ ಇದ್ದಾರೆ, ಸಣ್ಣ ದುಡಿಮೆಗಾರರಿಗೆ ಪುಕ್ಕಟೆ ಲೆಕ್ಕದ ದಾರಿ ಹೇಳಿಕೊಡಲು. ತೆರಿಗೆಯವರನ್ನು ನಾವಾಗೇ ಕರೆಯುವುದಾ ಅಂತ ಹೆದರಿ ಯಾರೂ ಕರೆಯುವುದಿಲ್ಲ. ಇವರಿಗೆ ರಿಟರ್ನ್ ತುಂಬಿಕೊಡಲು ಕೊನೆಗೆ ವಾಟ್ಸಾಪ್ ಗುಂಪಿನ ನಂಬರ್‌ಗಳೇ ಗತಿ. ಅದರಲ್ಲಿ ಒಳ್ಳೆಯವರೂ ಇದ್ದಾರೆ.

ಉಳಿದವರು ಲೈಬ್ರರಿಗೆ ಫೆಬ್ರವರಿಯಲ್ಲೇ ಫೋನ್ ಮಾಡಿ. ಮಾರ್ಚ್ ಕೊನೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಏಪ್ರಿಲ್ 30 ಕೊನೆ ದಿನ. ಎಸ್‌ಐಎನ್ (ಸರ್ಕಾರ ಕೊಡುವ ಗುರುತಿನ ನಂಬರ್), ಟಿ4, ಕೆನಡಾಕ್ಕೆ ಇಳಿದ ದಿನಾಂಕ, ಆ ವರ್ಷ ಇಳಿಯುವ ಮೊದಲು ಭಾರತದಲ್ಲಿ ದುಡಿದ ಮೊತ್ತ, ಬಾಡಿಗೆ ಲೆಕ್ಕ, ಮಕ್ಕಳ ಹುಟ್ಟಿದ ದಾಖಲೆ, ಬ್ಯಾಂಕಿನ ವಿವರ ತನ್ನಿ. ಮೂರನೇ ಮೇಜಿನಲ್ಲಿ ಕೂತಿರುವ ಹೆಂಗಸು ಕನ್ನಡದವಳು ಅಂತ ಅನಿಸಿದರೆ, ಅವಳ ಹತ್ತಿರ ಹೋಗಲೇಬೇಕು ಅಂತೇನಿಲ್ಲ.